ಹಾಡಿನ ಪೀರಿಯಡ್ಡಿಗೆ ತಾರೀಖಿಲ್ಲ

ಕೋಲಾರದ ಚಿನ್ನದ ಗಣಿ ಮುಚ್ಚಿದ ದಿನ ಯಾವುದೆಂದು ಕೆಜಿಎಫ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 2001ರ ಫೆಬ್ರವರಿ 28. ಅದಕ್ಕೊಂದು ಸರ್ಕಾರಿ ಆದೇಶವಿತ್ತು, ಯೂನಿಯನ್ನಿನವರ ಹೋರಾಟವಿತ್ತು, ಕೋರ್ಟು ಕಚೇರಿಯ ಅಲೆದಾಟವಿತ್ತು. ಅದೇ ಊರಿನ, ಅದರ ಮಗ್ಗುಲಲ್ಲೇ ಇರುವ ನಮ್ಮ ಬಂಗಾರಪೇಟೆಯ ಪ್ರಾಥಮಿಕ ಶಾಲೆಗಳಲ್ಲಿ ಹಾಡಿನ ಪೀರಿಯಡ್ಡು ಯಾವತ್ತು ನಿಂತಿತು ಎಂದು ಕೇಳಿ ನೋಡಿ, ಹೇಳುವವರಿಲ್ಲ. ಅದನ್ನು ನಿಲ್ಲಿಸಿ ಎಂದು ಯಾರೂ ಆದೇಶ ಹೊರಡಿಸಲಿಲ್ಲ. ಹಾಡಿನ ಮೇಷ್ಟ್ರು ರಿಟೈರಾದರು, ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ, ಅಷ್ಟೆ. ಒಂದು ವರ್ಷ ವೇಳಾಪಟ್ಟಿಯಲ್ಲಿ ‘ಸಂಗೀತ’ ಎಂದು ಬರೆದೇ ಇತ್ತು. ಆ ಹೊತ್ತಿಗೆ ಬೇರೆ ಟೀಚರು ಬಂದು ಉಳಿದುಹೋದ ಲೆಕ್ಕಗಳನ್ನು ಮಾಡಿಸಿದರು. ಮರುವರ್ಷದ ಪಟ್ಟಿಯಲ್ಲಿ ಆ ಮೂರಕ್ಷರವೂ ಇರಲಿಲ್ಲ.

ನಾನು ಬಂಗಾರಪೇಟೆಯಲ್ಲಿ ಹುಟ್ಟಿ, ಅಲ್ಲಿಯ ಸರ್ಕಾರಿ ಶಾಲೆಯಲ್ಲೇ ಓದಿ, ಆಮೇಲೆ ಟಿಸಿಎಚ್ ಮುಗಿಸಿಕೊಂಡು ಇದೇ ಸೀಮೆಯ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹಾಡಿನ ಪೀರಿಯಡ್ಡಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತದ್ದೂ ಉಂಟು, ಅದಿಲ್ಲದ ಶಾಲೆಗಳಲ್ಲಿ ದುಡಿದದ್ದೂ ಉಂಟು. ಎರಡನ್ನೂ ಕಂಡವರು ಇನ್ನು ಹೆಚ್ಚು ಜನ ಉಳಿದಿಲ್ಲ. ಆ ಪೀರಿಯಡ್ಡಿನಲ್ಲಿ ನಡೆಯುತ್ತಿದ್ದುದು ಏನು ಎಂಬುದನ್ನಾದರೂ ಬರೆದಿಡಬೇಕು ಅನ್ನಿಸಿದೆ. ಶಾಲೆಯಲ್ಲಿ ಸಂಗೀತ ಎಂದರೆ ವಾರ್ಷಿಕೋತ್ಸವದ ಡ್ಯಾನ್ಸು ಎಂದು ಈಗಿನ ತಾಯಿತಂದೆಯರು ತಿಳಿದಿದ್ದಾರೆ. ಅವರ ತಪ್ಪಲ್ಲ, ಅವರು ನೋಡಿರುವುದೇ ಅದು.

ನಮ್ಮದು ರೈಲಿನಿಂದ ಬೆಳೆದ ಊರು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಮೊದಲು ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದರು. 1894ರಲ್ಲಿ ಇಲ್ಲಿಂದ ಗಣಿಗೆ ಕವಲು ಹಳಿ ಬಿತ್ತು: ಕೋರಮಂಡಲ, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಗಣಿಯ ಕೆಲಸಕ್ಕೆಂದು ಆರ್ಕಾಟಿನ ಕಡೆಯಿಂದ ತಮಿಳರು ಬಂದರು, ಚಿತ್ತೂರಿನ ಕಡೆಯಿಂದ ತೆಲುಗರು ಬಂದರು. ಆಂಗ್ಲೋ ಇಂಡಿಯನ್ನರಿದ್ದರು, ದಖನಿ ಮಾತಾಡುವ ಮುಸ್ಲಿಮರಿದ್ದರು, ಗಿರವಿ ಅಂಗಡಿಯ ಮಾರ್ವಾಡಿಗಳಿದ್ದರು. ಸುತ್ತಲ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು, ಹೊಸ್ತಿಲಾಚೆ ಕನ್ನಡ. ಹೀಗಾಗಿ ನಮ್ಮ ಒಂದನೇ ಕ್ಲಾಸಿನಲ್ಲಿ ಟೀಚರು ಕನ್ನಡದಲ್ಲಿ ಏನಾದರೂ ಕೇಳಿದರೆ ಅರ್ಧ ಮಕ್ಕಳು ಉತ್ತರ ಗೊತ್ತಿದ್ದೂ ಬಾಯಿ ಬಿಡುತ್ತಿರಲಿಲ್ಲ. ನನ್ನ ಪಕ್ಕ ಕೂರುತ್ತಿದ್ದ ರೈಲ್ವೆ ಗ್ಯಾಂಗ್‌ಮನ್ನನ ಮಗಳು ದಸರಾ ರಜೆ ಬರುವವರೆಗೂ ತರಗತಿಯಲ್ಲಿ ಒಂದು ಮಾತಾಡಿದ್ದು ನನಗೆ ನೆನಪಿಲ್ಲ.

ಹಾಡಿದ್ದು ಮಾತ್ರ ನೆನಪಿದೆ. ಸ ರಿ ಗ ಮ ಯಾರ ಮನೆಯ ಮಾತೂ ಅಲ್ಲವಲ್ಲ, ಎಲ್ಲರೂ ಒಂದೇ ಗೆರೆಯಿಂದ ಹೊರಡಬೇಕಿತ್ತು. ಕನ್ನಡದ ಮನೆಯಿಂದ ಬಂದ ನನಗೆ ಬೇರೆ ಎಲ್ಲ ಪೀರಿಯಡ್ಡಿನಲ್ಲೂ ಒಂದು ಹೆಜ್ಜೆ ಮುಂದಿನ ಜಾಗ ಸಿಗುತ್ತಿತ್ತು. ಹಾಡಿನ ಪೀರಿಯಡ್ಡಿನಲ್ಲಿ ಆ ಹುಡುಗಿಯೇ ಮುಂದೆ, ನಾನು ಹಿಂದೆ. ಅವಳು ಮೊದಲ ಸಲ ತಲೆ ಎತ್ತಿ ಇಡೀ ಕ್ಲಾಸನ್ನು ನೋಡಿದ್ದು ಅಲ್ಲಿಯೇ.

ಮೇಷ್ಟ್ರು ಹಾರ್ಮೋನಿಯಂ ತರುತ್ತಿದ್ದುದು ಅಪರೂಪ, ಹೆಚ್ಚಾಗಿ ತರುತ್ತಿದ್ದುದು ಶ್ರುತಿಪೆಟ್ಟಿಗೆ. ಅದನ್ನು ಮೇಜಿನ ಮೇಲಿಟ್ಟು ಎಡಗೈಯಲ್ಲಿ ತಿದಿ ಒತ್ತುತ್ತಾ ಸುಮ್ಮನೆ ಕೂರುತ್ತಿದ್ದರು. ಗಲಾಟೆ ಮಾಡಬೇಡಿ ಎಂದು ಗದರುತ್ತಿರಲಿಲ್ಲ. ಪೆಟ್ಟಿಗೆಯ ದನಿ ಕೋಣೆಯನ್ನು ತುಂಬಿಕೊಳ್ಳುತ್ತಾ ಹೋದಂತೆ ಗಲಾಟೆ ತಾನಾಗಿ ತಗ್ಗುತ್ತಿತ್ತು. ಆಮೇಲೆ ಬಾಯಿ ಮುಚ್ಚಿಕೊಂಡು ‘ಮ್’ ಎನ್ನಬೇಕು. ಹಾಡಿಲ್ಲ, ಅಕ್ಷರವಿಲ್ಲ, ಬರೀ ‘ಮ್’. ಮೇಷ್ಟ್ರು ಎದ್ದು ಬಂದು ಸಾಲಿನ ನಡುವೆ ನಡೆಯುತ್ತಾ ಒಬ್ಬೊಬ್ಬರ ಮುಖದ ಹತ್ತಿರ ಬಗ್ಗಿ ಕಿವಿಗೊಡುತ್ತಿದ್ದರು. ಸೇರದ ಹುಡುಗನನ್ನು ಬೈಯುತ್ತಿರಲಿಲ್ಲ, ಸೇರಿದವನ ಪಕ್ಕಕ್ಕೆ ಕೂರಿಸುತ್ತಿದ್ದರು. “ನಿನ್ ದನಿ ನಿನಗೆ ಬೇರೆಯಾಗಿ ಕೇಳಿಸ್ತಿದ್ರೆ ಇನ್ನೂ ಸೇರಿಲ್ಲ ಅಂತ ಕಣೋ. ಪೆಟ್ಟಿಗೆ ದನಿಯೊಳಗೆ ಕರಗಿಹೋಗ್ಬೇಕು” ಎನ್ನುತ್ತಿದ್ದರು. ಎಂಟು ವರ್ಷದ ಮಕ್ಕಳಿಗೆ ಈ ಮಾತು ಅರ್ಥವಾಗುತ್ತಿತ್ತು. ಎರಡು ದನಿಗಳ ನಡುವೆ ಅಲೆಯಂಥದೊಂದು ಗುಯ್‌ಗುಡುತ್ತಿರುತ್ತದೆ; ದನಿ ಸರಿಯಾದ ಜಾಗಕ್ಕೆ ಬಂದ ಕೂಡಲೇ ಆ ಅಲೆ ನಿಂತುಬಿಡುತ್ತದೆ. ಅದು ನಿಂತಾಗ ಮೈಗೆ ಆಗುವ ಸಮಾಧಾನವನ್ನು ನಮ್ಮಲ್ಲಿ ಬಹಳ ಮಂದಿ ಮೊದಲು ಕಂಡದ್ದು ಆ ಹಂಚಿನ ಮಾಡಿನ ಕೋಣೆಯಲ್ಲಿ.

ಇನ್ನೊಂದು ವಿಷಯ ಆಗ ನನಗೆ ತಿಳಿಯಲಿಲ್ಲ, ಟೀಚರಾದ ಮೇಲೆ ತಿಳಿಯಿತು. ಮೇಷ್ಟ್ರ ಸ್ವಂತ ಗಂಟಲಿಗೆ ಒಂದು ಮನೆಯ ಶ್ರುತಿ ಹಿತ. ನಮಗೆ ಕಲಿಸುವಾಗ ಪೆಟ್ಟಿಗೆಯನ್ನು ಐದೂವರೆ ಮನೆಗೆ ಇಡುತ್ತಿದ್ದರು, ಅಂದರೆ ಹೆಂಗಸರು ಹಾಡುವ ಶ್ರುತಿ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಹುಡುಗ ಹುಡುಗಿಯರ ದನಿ ಹೆಚ್ಚು ಕಡಿಮೆ ಒಂದೇ. ಅವರ ಗಂಟಲಿನ ಹರವು ಸಣ್ಣದು. ತೀರಾ ಕೆಳಗಿಳಿಸಿದರೆ ದನಿ ಗೊಗ್ಗರಾಗುತ್ತದೆ, ತೀರಾ ಮೇಲೇರಿಸಿದರೆ ಕಿರುಚುತ್ತಾರೆ. ಹೇಳಿಕೊಡುವವರು ಮಕ್ಕಳ ಕಡೆಗೆ ಸರಿಯಬೇಕೇ ಹೊರತು ಮಕ್ಕಳನ್ನು ತಮ್ಮ ಕಡೆಗೆ ಎಳೆಯಬಾರದು. ಮೇಷ್ಟ್ರು ತಮಗೆ ಹೊಂದದ ಶ್ರುತಿಯಲ್ಲಿ ಇಡೀ ದಿನ ಹಾಡಿ, ಸಂಜೆಗೆ ದನಿ ಕೂತುಹೋಗಿ, ಬಜಾರಿನಲ್ಲಿ ಸಿಕ್ಕಾಗ ಕೈಸನ್ನೆಯಲ್ಲೇ ಮಾತಾಡಿಸುತ್ತಿದ್ದರು. ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಕೈಸನ್ನೆ.

ತಾಳದ ಪಾಠವೂ ಹಾಗೆಯೇ. ಆದಿತಾಳ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು ಹುಸಿ, ಪೆಟ್ಟು ಹುಸಿ, ಅಲ್ಲಿಗೆ ಎಂಟು. ಮಾಯಾಮಾಳವಗೌಳದ ಸರಳೆವರಸೆಯನ್ನು ಮೊದಲು ಒಂದು ಎಣಿಕೆಗೆ ಒಂದು ಸ್ವರದಂತೆ, ಆಮೇಲೆ ಎರಡರಂತೆ, ಮೂರನೇ ಕಾಲದಲ್ಲಿ ನಾಲ್ಕರಂತೆ ಹಾಡಿಸುವರು. ಕೈ ನಡೆಯುವ ವೇಗ ಬದಲಾಗಕೂಡದು, ಬಾಯಿಯ ವೇಗ ಮಾತ್ರ ಇಮ್ಮಡಿಯಾಗುತ್ತಾ ಹೋಗಬೇಕು. ಎರಡರ ಮಗ್ಗಿಯಲ್ಲಿ ಎಡವುತ್ತಿದ್ದ ಹುಡುಗರು ಮೂರನೇ ಕಾಲದಲ್ಲಿ ಒಂದು ಸ್ವರವೂ ತಪ್ಪದೆ ಸಮಕ್ಕೆ ಬಂದು ನಿಲ್ಲುತ್ತಿದ್ದರು. ಒಂದನ್ನು ನಾಲ್ಕಾಗಿ ಒಡೆಯುವುದು ಹೇಗೆಂದು ಅವರ ಕೈಗೆ ಗೊತ್ತಿತ್ತು, ಹಲಗೆಯ ಮೇಲೆ ಬರೆಯಲು ಮಾತ್ರ ಬರುತ್ತಿರಲಿಲ್ಲ. ಇದನ್ನು ಕಂಡಿದ್ದರಿಂದಲೇ ಮುಂದೆ ನನ್ನ ತರಗತಿಯಲ್ಲಿ ಭಿನ್ನರಾಶಿಯನ್ನು ನಾನು ಚಪ್ಪಾಳೆಯಿಂದ ಶುರು ಮಾಡುತ್ತಿದ್ದೆ.

ಅಮ್ಮನಿಗೆ ಹೆರಿಗೆಯಾದ ವರ್ಷ ನನ್ನನ್ನು ಚಾಂಪಿಯನ್ ರೀಫ್ಸ್‌ನ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಚಿಕ್ಕಪ್ಪ ಗಣಿಯ ವರ್ಕ್‌ಶಾಪಿನಲ್ಲಿದ್ದರು. ಸುತ್ತ ಕಾರ್ಮಿಕರ ಲೈನುಗಳು, ದೂರಕ್ಕೆ ಬೂದು ಬಣ್ಣದ ಸಯನೈಡ್ ದಿಬ್ಬಗಳು. ಗಾಳಿ ಬೀಸುವ ಕಾಲದಲ್ಲಿ ಅದರ ದೂಳು ಬರುತ್ತದೆಂದು ಶಾಲೆಯ ಕಿಟಕಿ ಮುಚ್ಚುತ್ತಿದ್ದರು. ಅಲ್ಲಿ ಹಾಡು ಹೇಳಿಕೊಡಲು ಒಬ್ಬ ಹೆಂಗಸು ಬರುತ್ತಿದ್ದರು, ಮಕ್ಕಳ ಬಾಯಲ್ಲಿ ‘ಪಾಟ್ಟು ಟೀಚರ್’. ಒಂದು ದಿನ ನಾವು ಹಾಡುತ್ತಿದ್ದಾಗ ನೆಲ ನಡುಗಿತು. ಗೋಡೆಯಲ್ಲಿದ್ದ ನಕಾಶೆ ಪಟಪಟನೆ ಬಡಿದುಕೊಂಡಿತು, ಮಾಡಿನ ಸಂದಿಯಿಂದ ಸುಣ್ಣದ ಪುಡಿ ಉದುರಿತು. ಅಲ್ಲಿಯವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಾರೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಬಂಡೆಯನ್ನು ಕೊರೆದು ತೆಗೆದಾಗ ಉಳಿದ ಬಂಡೆಯ ಮೇಲೆ ಭಾರ ಕೂಡಿಕೊಂಡು ಒಮ್ಮೆಲೇ ಸಿಡಿಯುತ್ತದೆ. ಬೆಂಚಿನಲ್ಲಿ ಕೂತಿದ್ದವರಲ್ಲಿ ಎಷ್ಟೋ ಮಕ್ಕಳ ಅಪ್ಪಂದಿರು ಆ ಗಳಿಗೆಯಲ್ಲಿ ಕೆಳಗೇ ಇದ್ದರು. ಎಲ್ಲರ ಕಣ್ಣೂ ಬಾಗಿಲ ಕಡೆ ಹೋಯಿತು. ಟೀಚರು ಹಾಡು ನಿಲ್ಲಿಸಿದರು, ಶ್ರುತಿ ಮಾತ್ರ ನಿಲ್ಲಿಸಲಿಲ್ಲ. ತಿದಿ ಒತ್ತುತ್ತಲೇ ನಮ್ಮ ಕಡೆ ನೋಡಿ ತಲೆಯಾಡಿಸಿದರು. ಯಾರೋ ಒಬ್ಬಳು ‘ಮ್’ ಎಂದಳು, ಆಮೇಲೆ ಇನ್ನೊಬ್ಬಳು, ಆಮೇಲೆ ಎಲ್ಲರೂ. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಹೆಡ್‌ಮಾಸ್ಟರು ಬಂದು ಎಲ್ಲ ಸರಿಯಾಗಿದೆಯಂತೆ ಎಂದು ಹೇಳುವವರೆಗೂ ಒಂದು ಮಗುವೂ ಎದ್ದು ಓಡಲಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಸಂಗೀತ ಯಾಕೆ ಬೇಕು ಎಂದು ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಗಳು ಕಾರಣಗಳನ್ನು ಸಾಲಾಗಿ ಬರೆಸುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಆ ಕೋಣೆ ಇರುತ್ತಿತ್ತು.

ಆ ಟೀಚರ ಬಳಿ ರಟ್ಟಿನ ಹೊದಿಕೆಯ ದಪ್ಪ ಹಾಡಿನ ಪುಸ್ತಕವಿತ್ತು. ಪಂಜೆ ಮಂಗೇಶರಾಯರು ಮತ್ತು ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, ಸುಬ್ರಹ್ಮಣ್ಯ ಭಾರತಿಯವರು ಮಕ್ಕಳಿಗೆಂದು ಬರೆದ ‘ಪಾಪ್ಪಾ ಪಾಟ್ಟು’, ಇಕ್ಬಾಲರು 1902ರಲ್ಲಿ ಬರೆದ ‘ಬಚ್ಚೇ ಕೀ ದುಆ’, ಚಂದಮಾಮನನ್ನು ಕರೆಯುವ ತೆಲುಗು ಜೋಗುಳ ಎಲ್ಲ ಅದರಲ್ಲಿದ್ದವು. ಅವರು ಅವನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದರು. ತಮಿಳಿನ ಹಾಡು ಕಲಿಸುವ ದಿನ ತಮಿಳು ಮನೆಯ ಮಕ್ಕಳು ಉಚ್ಚಾರ ತಿದ್ದಬೇಕು. ಉರ್ದು ಹಾಡಿನ ದಿನ ಆ ಅಧಿಕಾರ ಖಾದರ್ ಸಾಬಿಯ ಅಂಗಡಿಯ ಹುಡುಗನದು. ಕನ್ನಡದ ದಿನ ನನ್ನದು. ‘ಳ’ಕಾರ ಬಾರದ ಹುಡುಗಿಗೆ ನಾನು ತಿದ್ದಿ ಹೇಳಿಕೊಟ್ಟರೆ, ಮರುವಾರ ಅವಳು ನನ್ನ ತಮಿಳು ‘ೞ’ವನ್ನು ನಾಲಗೆ ಮಡಿಚಿ ತೋರಿಸಿ ತಿದ್ದುವಳು. ಭಾಷೆಯ ಹೆಸರಿನಲ್ಲಿ ನಮ್ಮ ಸೀಮೆಯಲ್ಲಿ ಮುಂದೆ ಎಷ್ಟೋ ಕಹಿ ಹುಟ್ಟಿತು. ಆ ತರಗತಿಯಲ್ಲಿ ಕೂತವರಾರೂ ಆ ಜಗಳಕ್ಕೆ ಹೋದವರಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಇಂಥ ಪಾಠ ಆಕಾಶದಿಂದ ಉದುರಿದ್ದಲ್ಲ. ಮೈಸೂರಿನಲ್ಲಿ 1881ರಲ್ಲಿ ಅಂಬಿಲ್ ನರಸಿಂಹಯ್ಯಂಗಾರ್ಯರು ಮಹಾರಾಣಿ ಹೆಣ್ಣುಮಕ್ಕಳ ಶಾಲೆ ತೆರೆದಾಗಲೇ ಸಂಗೀತ ಅಲ್ಲಿಯ ಪಾಠಗಳಲ್ಲಿ ಸೇರಿತ್ತು. ಹೆಣ್ಣುಮಕ್ಕಳನ್ನು ಮನೆಯಿಂದಾಚೆ ಕಳಿಸಲು ಒಲ್ಲದ ಕಾಲ ಅದು. ಸಂಸ್ಥಾನದ ಶಾಲೆಗಳಿಗೆ ಹಾಡು ಹೊಸದಾಗಿರಲಿಲ್ಲ. ಗಣಿಯ ಕಡೆ ಇನ್ನೊಂದು ಧಾರೆಯೂ ಇತ್ತು, ಅದು ಚರ್ಚಿನದು. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ರಚಿಸಿದ ಕ್ರೈಸ್ತ ಕೀರ್ತನೆಗಳು ನಮ್ಮ ರಾಗತಾಳಗಳಲ್ಲೇ ಇವೆ. ಅವನ್ನು ಭಾನುವಾರ ಹಾಡಿ ಬಂದ ಮಕ್ಕಳಿಗೆ ಸೋಮವಾರದ ಸರಳೆವರಸೆ ಪರಕೀಯವಾಗುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಕ್ಯಾರಲ್ ಹಾಡುವ ಆಂಗ್ಲೋ ಇಂಡಿಯನ್ ಮಕ್ಕಳು ಒಂದೇ ಹಾಡನ್ನು ಎರಡು ದನಿಯಲ್ಲಿ ಬೇರೆ ಬೇರೆ ಹಿಡಿದು ಹಾಡಬಲ್ಲವರಾಗಿದ್ದರು. ನಮಗೆ ಅದು ಸೋಜಿಗ, ನಮ್ಮ ಗಮಕ ಅವರಿಗೆ ಸೋಜಿಗ.

ಆ ಕಾಲವನ್ನು ಹೊಗಳುವಾಗ ಒಂದು ಮಾತನ್ನು ಮುಚ್ಚಿಡಲಾರೆ. ಹಾಡಿನ ಪೀರಿಯಡ್ಡಿನೊಳಗೆ ಶ್ರುತಿಪೆಟ್ಟಿಗೆ ಬಂತು, ಹಾರ್ಮೋನಿಯಂ ಬಂತು, ತಮಟೆ ಬರಲಿಲ್ಲ. ಕೋಲಾರ ಸೀಮೆ ತಮಟೆಯ ಸೀಮೆ. ಬೆಂಕಿಯಲ್ಲಿ ಕಾಯಿಸಿ ಹದ ಮಾಡಿ ಎರಡು ಕಡ್ಡಿಯಲ್ಲಿ ನುಡಿಸುವ ಆ ವಾದ್ಯದ ಮಕ್ಕಳು ನಮ್ಮ ತರಗತಿಯಲ್ಲೇ ಕೂತಿದ್ದರು. ಅಪ್ಪನ ಜೊತೆ ಜಾತ್ರೆಗೆ, ಸಾವಿಗೆ ಹೋಗಿ ಬಂದ ಅವರ ಬೆರಳುಗಳಲ್ಲಿ ನಮ್ಮ ಆದಿತಾಳಕ್ಕಿಂತ ಎಷ್ಟೋ ತೊಡಕಿನ ಲೆಕ್ಕಗಳಿದ್ದವು. ಯಾರೂ ಅವರನ್ನು ‘ನುಡಿಸು’ ಎನ್ನಲಿಲ್ಲ. ಕಾರಣ ಜಾತಿ. ಆಮೇಲೆ ದಲಿತ ಚಳವಳಿಯ ಹಾಡುಗಳು ನಮ್ಮ ಜಿಲ್ಲೆಯನ್ನು ಎಬ್ಬಿಸಿದವು. ಪಿಚ್ಚಳ್ಳಿ ಶ್ರೀನಿವಾಸ್ ಅವರಂಥವರ ದನಿ ಊರೂರಿಗೆ ಬಂತು. ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಅವರ ಗೆಳೆಯರು ಕೋಲಾರದ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರ ಕಟ್ಟಿ ‘ಹುಣ್ಣಿಮೆ ಹಾಡು’ ನಡೆಸಿದರು. ಅಲ್ಲಿ ತಮಟೆಯ ಎದುರು ಮಕ್ಕಳು ಕೂತಿದ್ದನ್ನು ಕಂಡಾಗ ನನ್ನ ಹೊಟ್ಟೆ ತಣ್ಣಗಾಯಿತು. ಶಾಲೆಯಲ್ಲಿ ತಮಟೆಗೆ ಜಾಗ ಮಾಡಿಕೊಡುವ ಮನಸ್ಸು ಅಲ್ಲಲ್ಲಿ ಮೂಡುವ ಹೊತ್ತಿಗೆ ಆ ಜಾಗವೇ ಇಲ್ಲವಾಗಿತ್ತು. ನನಗೆ ತೀರಾ ನೋವಾಗುವುದು ಇಲ್ಲಿ. ಹಾಡಿನ ಪೀರಿಯಡ್ಡು ತನ್ನ ಬಾಗಿಲನ್ನು ಎಲ್ಲರಿಗೂ ತೆರೆಯುವ ಮೊದಲೇ ಹೋಯಿತು.

ಹೋಗಿದ್ದು ಹೇಗೆಂದರೆ, ಒಂದೊಂದಾಗಿ. ವಿಶೇಷ ಶಿಕ್ಷಕರೆಂದು ಇದ್ದ ಸಂಗೀತ, ಚಿತ್ರಕಲೆ, ಹೊಲಿಗೆಯವರು ನಿವೃತ್ತರಾದ ಹಾಗೆ ಅವರ ಕುರ್ಚಿಗಳು ಖಾಲಿ ಉಳಿದವು. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಮನೆಯಿಂದಲೂ ಜನ ನಸುಕಿಗೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಮಕ್ಕಳು ಅಜ್ಜಿಯರ ಕೈಯಲ್ಲಿ ಬೆಳೆದರು. ಕೈಲಾದವರು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರು, ಉಳಿದ ಶಾಲೆಗಳಲ್ಲಿ ಹಾಜರಿ ಕರಗಿತು. ಇಬ್ಬರು ಟೀಚರು ಐದು ತರಗತಿಗಳನ್ನು ನಿಭಾಯಿಸುವ ಕಡೆ ಹಾಡು ಯಾರಿಗೆ ನೆನಪಾಗಬೇಕು?

ಹಾಡು ಪೂರ್ತಿ ಹೋಗಲಿಲ್ಲ ಎಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಾರೆ. ನಿಜ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ‘ನಲಿ ಕಲಿ’ ನಮ್ಮ ಗಡಿಯಾಚೆ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಪ್ರಯೋಗದಿಂದ ಕಲಿತು ಬಂದ ಪದ್ಧತಿ. ಅದರಲ್ಲಿ ಅಭಿನಯ ಗೀತೆಗಳಿವೆ, ಮಕ್ಕಳು ಕುಣಿದು ಹಾಡುತ್ತಾರೆ. ನಾನೂ ಹಾಡಿಸಿದ್ದೇನೆ, ಅದರಿಂದ ಎಷ್ಟೋ ಮಕ್ಕಳ ಅಂಜಿಕೆ ಹೋದದ್ದನ್ನು ಕಂಡಿದ್ದೇನೆ. ಬಾನುಲಿಯ ‘ಕೇಳಿ ಕಲಿ’ ಬರುವಾಗ ರೇಡಿಯೋ ಸುತ್ತ ಕೂತು ಕೇಳಿಸಿದ್ದೇನೆ. ‘ಪ್ರತಿಭಾ ಕಾರಂಜಿ’ಯಲ್ಲಿ ಕ್ಲಸ್ಟರಿನಿಂದ ಜಿಲ್ಲೆಯವರೆಗೆ ಹಾಡಿನ ಸ್ಪರ್ಧೆಗಳೂ ನಡೆಯುತ್ತವೆ. ಆದರೆ ಅಭಿನಯ ಗೀತೆ ಇರುವುದು ಅಕ್ಷರ ಕಲಿಸಲು, ಅಂಕಿ ಕಲಿಸಲು. ಅಲ್ಲಿ ಹಾಡು ದಾರಿ, ಊರಲ್ಲ. ಶ್ರುತಿ ಸೇರಿತೋ ಇಲ್ಲವೋ ಎಂದು ನೋಡುವ ಹೊತ್ತೂ ಇಲ್ಲ, ನೋಡಲು ಬಲ್ಲವರೂ ಇಲ್ಲ. ಪ್ರತಿಭಾ ಕಾರಂಜಿಯಲ್ಲಿ ಹಾಡುವುದು ಮನೆಯಲ್ಲಿ ದುಡ್ಡು ಕೊಟ್ಟು ಪಾಠ ಹೇಳಿಸಿಕೊಂಡ ಒಂದು ಮಗು. ಮಿಕ್ಕವರು ಕೂತು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಮೇಷ್ಟ್ರು ಚೆನ್ನಾಗಿ ಹಾಡುವವರನ್ನು ಆರಿಸುತ್ತಿರಲಿಲ್ಲ, ಕ್ಲಾಸಿನಲ್ಲಿ ಎಷ್ಟು ಜನ ಇದ್ದರೋ ಅಷ್ಟೂ ಜನ ಹಾಡಬೇಕಿತ್ತು.

ಈಗಿನ ಬೆಳಗಿನ ಪ್ರಾರ್ಥನೆಗೆ ಬ್ಲೂಟೂತ್ ಸ್ಪೀಕರ್ ಬಂದಿದೆ. 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಕುವೆಂಪು ಅವರ ಹಾಡಿಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಎರಡು ನಿಮಿಷ ಮೂವತ್ತು ಸೆಕೆಂಡಿನೊಳಗೆ ಹಾಡಬೇಕೆಂದು ಹೇಳಿತು. ಯಾವ ಧಾಟಿ ಎಂದು ನಾಡಿನಲ್ಲೆಲ್ಲ ಚರ್ಚೆಯಾಯಿತು. ಅಂಥ ಚರ್ಚೆ ನಡೆಯಬೇಕಾದ್ದೇ, ಅನಂತಸ್ವಾಮಿಯವರ ಧಾಟಿ ನನಗೂ ಪ್ರಾಣ. ಆ ಧಾಟಿಯನ್ನು ಒಂದನೇ ಕ್ಲಾಸಿನ ಮಗುವಿನ ಗಂಟಲಿಗೆ ಇಳಿಸುವವರು ಯಾರು ಎಂಬುದು ಮಾತ್ರ ಆ ಚರ್ಚೆಯಲ್ಲಿ ಬರಲಿಲ್ಲ. ಸ್ಪೀಕರಿನಲ್ಲಿ ದೊಡ್ಡವರ ದನಿ, ದೊಡ್ಡವರ ಶ್ರುತಿ. ಮಕ್ಕಳು ಒಂದೋ ತುಟಿ ಅಲ್ಲಾಡಿಸುತ್ತಾರೆ, ಇಲ್ಲವೋ ಸ್ಪೀಕರನ್ನು ಮೀರಿಸಲು ಅರಚುತ್ತಾರೆ. ಪಕ್ಕದವನ ದನಿಯೂ ಕೇಳಿಸದು, ತನ್ನ ದನಿಯೂ ಕೇಳಿಸದು. ಸಿನಿಮಾ ಹಾಡಿನ ಟ್ರ್ಯಾಕು ಹಾಕಿಕೊಂಡು ಸ್ಪರ್ಧೆಗೆ ನಿಲ್ಲುವ ಪುಟ್ಟ ಹುಡುಗಿಯರ ಕತ್ತಿನ ನರ ಉಬ್ಬಿದ್ದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಕಾನೂನು ಏನನ್ನುತ್ತದೆ ಎಂದು ನಾನು ಹುಡುಕಿ ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದಿದೆ. ಆದರೆ ಆರರಿಂದ ಎಂಟನೇ ತರಗತಿಯವರೆಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಒಂದರಿಂದ ಐದರವರೆಗಿನ ಮಕ್ಕಳ ಲೆಕ್ಕವೇ ಅಲ್ಲಿಲ್ಲ. ಕಿವಿ ತೆರೆಯುವ ವಯಸ್ಸು ಅದು. ಶ್ರುತಿ ಸೇರಿಸುವುದನ್ನು ಏಳು ವರ್ಷದ ಮಗು ಕೆಲವೇ ವಾರಗಳಲ್ಲಿ ಕಲಿಯುತ್ತದೆ, ಹದಿಮೂರಕ್ಕೆ ನಾಚಿಕೆ ಬಂದು ಬಾಯಿ ಮುಚ್ಚಿಕೊಳ್ಳುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆಗಳು ಪಾಠದ ಭಾಗವಾಗಬೇಕೆಂದು ಹೇಳಿತ್ತು. 2024ರಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿಗೆ ‘ಬಾಂಸುರಿ’ ಎಂಬ ಕಲಾಪುಸ್ತಕವನ್ನೂ ತಂದಿದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ಹಂತಕ್ಕೆಂದೇ ಸಂಗೀತ ಶಿಕ್ಷಕರ ಹುದ್ದೆ ಇದೆ. ಅಲ್ಲಿ ಬೇಕಾದದ್ದು ನಮ್ಮ ಸರ್ಕಾರಿ ಕನ್ನಡ ಶಾಲೆಯ, ತಮಿಳು ಶಾಲೆಯ, ಉರ್ದು ಶಾಲೆಯ ಮಕ್ಕಳಿಗೆ ಬೇಡವಾಗುವುದು ಹೇಗೆ? ಸಂಗೀತ ಸಿರಿವಂತರ ಸೊತ್ತು ಎಂದು ನಾವು ದೂರುತ್ತೇವೆ. ಬಡ ಮಗುವಿಗೆ ಅದು ಬಿಟ್ಟಿಯಾಗಿ ಸಿಗುತ್ತಿದ್ದ ಒಂದೇ ಒಂದು ಜಾಗವನ್ನು ಮುಚ್ಚಿದವರೂ ನಾವೇ.

ಹಂಗೇರಿ ದೇಶದ ಕತೆ ಓದಿದಾಗ ಹೊಟ್ಟೆ ಉರಿಯಿತು. ಕೊಡಾಯ್ ಎಂಬ ಸಂಗೀತಗಾರರು ತಮ್ಮ ದೇಶದ ಹಳ್ಳಿಹಳ್ಳಿ ಸುತ್ತಿ ಜನಪದ ಹಾಡುಗಳನ್ನು ಕೂಡಿಟ್ಟವರು. ಅವರ ಪ್ರೇರಣೆಯಿಂದ 1950ರಲ್ಲಿ, ಮಹಾಯುದ್ಧದಲ್ಲಿ ನುಜ್ಜುಗುಜ್ಜಾಗಿದ್ದ ಆ ದೇಶದ ಕೆಚ್ಕೆಮೇಟ್ ಎಂಬ ಊರಿನಲ್ಲಿ ಒಂದು ಪ್ರಾಥಮಿಕ ಶಾಲೆ ಶುರುವಾಯಿತು. ಅಲ್ಲಿ ದಿನವೂ ಹಾಡಿನ ಪಾಠ. ವಾದ್ಯ ಬೇಡ, ದುಡ್ಡು ಬೇಡ, ಮಗುವಿನ ಗಂಟಲು ಮತ್ತು ಅದರ ಅಜ್ಜಿಯ ಹಾಡು ಸಾಕು ಎಂಬುದು ಅವರ ಹಾದಿ. ಅದನ್ನು ನೋಡಿ ಅಂಥವೇ ಶಾಲೆಗಳು ಎದ್ದವು, ಲೋಕವೆಲ್ಲ ಹೋಗಿ ಕಲಿತು ಬಂತು. ಅಜ್ಜಿಯ ಹಾಡಿಗೆ ನಮ್ಮಲ್ಲಿ ಬರವೇ? ಸೋಬಾನೆ ಇದೆ, ಕೋಲಾಟದ ಪದ ಇದೆ, ಕೈವಾರ ತಾತಯ್ಯನವರ ತತ್ವಪದ ಕನ್ನಡದಲ್ಲೂ ಇದೆ ತೆಲುಗಿನಲ್ಲೂ ಇದೆ. ಕಳೆ ಕೀಳುವ ಹೆಂಗಸರ ಬಾಯಲ್ಲಿ ಇಂದಿಗೂ ಕೇಳಬಹುದು. ಆ ಹೆಂಗಸರ ಮೊಮ್ಮಕ್ಕಳಿಗೆ ಅವು ಬರುವುದಿಲ್ಲ.

ಹೇಳಿಕೊಡಬಲ್ಲವರು ಊರಿನಲ್ಲಿ ಇಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ನಾಗಸ್ವರದ ಮನೆಗಳಿವೆ, ಚರ್ಚಿನಲ್ಲಿ ಹಾಡುವ ಹೆಂಗಸರಿದ್ದಾರೆ, ತಮಟೆಯ ತಂಡ ಕಟ್ಟಿಕೊಂಡ ಹುಡುಗರಿದ್ದಾರೆ. ಸಂಗೀತದಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿದ ಹೆಣ್ಣುಮಕ್ಕಳಿದ್ದಾರೆ. ನನ್ನ ಬಳಿ ನಾಲ್ಕನೇ ಕ್ಲಾಸಿನಲ್ಲಿ ಓದಿದ ಒಬ್ಬಳು ಸೀನಿಯರ್ ಮುಗಿಸಿದ್ದಾಳೆ. ಈಗ ದಿನಾ ರೈಲಿನಲ್ಲಿ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಒಂದು ಕಚೇರಿಯಲ್ಲಿ ಬಿಲ್ ಬರೆಯುತ್ತಾಳೆ. ಮೊನ್ನೆ ಮನೆಗೆ ಬಂದವಳು, “ಮಿಸ್, ಶಾಲೇಲಿ ಹಾಡು ಹೇಳಿಕೊಡೋ ಕೆಲಸ ಅಂತ ಏನಾದ್ರೂ ಇರುತ್ತಾ? ಸಂಬಳ ಕಮ್ಮಿಯಾದ್ರೂ ಪರವಾಗಿಲ್ಲ” ಎಂದು ಕೇಳಿದಳು. ಇಬ್ಬರೂ ಕೂತು ಅತಿಥಿ ಶಿಕ್ಷಕರು ಬೇಕೆಂಬ ಪ್ರಕಟಣೆಯೊಂದನ್ನು ಮೇಲಿಂದ ಕೆಳಗೆ ಓದಿದೆವು. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ ಇತ್ತು. ಶನಿವಾರ ಅವಳಿಗೆ ರಜೆ, ಶಾಲೆ ಅಂದು ಬೆಳಗಿನ ಹೊತ್ತು ನಡೆಯುತ್ತದೆ. ಆ ದಿನ ಒಂದು ಗಂಟೆ ಬಿಟ್ಟುಕೊಡಿ, ಅವಳ ಬಸ್ ಚಾರ್ಜು ನಾವು ಹಳೆಯ ವಿದ್ಯಾರ್ಥಿಗಳು ಕೂಡಿ ಕೊಡುತ್ತೇವೆ, ಜೊತೆಗೆ ತಮಟೆಯ ಹುಡುಗರನ್ನೂ ಕರೆಸುತ್ತೇವೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿಕೊಂಡು ಬಂದಿದ್ದೇನೆ. ಪರೀಕ್ಷೆ ಹತ್ತಿರ ಬಂತು, ಪೋಷಕರು ಏನನ್ನುತ್ತಾರೋ ನೋಡಬೇಕು, ಮುಂದಿನ ಸಭೆಗೆ ಇಡೋಣ ಎಂದಿದ್ದಾರೆ. ಮುಂದಿನ ಸಭೆಗೂ ಹೋಗುತ್ತೇನೆ.